ಬ್ರೌನ್ಸ್ ಸೋತ ಸೋಮವಾರ ಏನು ಮಾತಾಡೋದು?

ತಮ್ಮಾ,

ನೀನು ಕೇಳಿದ್ದು ಇಷ್ಟು. ದಾವಣಗೆರೆಯಿಂದ ಕ್ಲೀವ್‌ಲ್ಯಾಂಡಿಗೆ ಬಂದು ಎರಡು ತಿಂಗಳಾಯ್ತು. ಸೋಮವಾರ ಬೆಳಗ್ಗೆ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಬ್ರೌನ್ಸ್ ಅನ್ನೋ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ, ಅದು ಮುಗಿದರೆ ಗಾರ್ಡಿಯನ್ಸ್ ಅನ್ನೋ ಬೇಸ್‌ಬಾಲ್ ತಂಡ. ನೀನು ಕಾಫಿ ಲೋಟ ಹಿಡಿದು ಗೋಡೆ ನೋಡ್ತಾ ನಿಂತಿರ್ತೀಯ. ಈ ಆಟಗಳನ್ನು ಕಲೀಲೇಬೇಕಾ, ಕ್ರಿಕೆಟ್ ಸಾಲದಾ? ನಿಜವಾದ ಆಟಗಾರರನ್ನು ಆರಿಸಿ ಕಾಗದದ ಮೇಲೆ ತಂಡ ಕಟ್ಟೋ ಆಫೀಸಿನ ಫ್ಯಾಂಟಸಿ ಲೀಗಿಗೆ ಐವತ್ತು ಡಾಲರ್ ಕೇಳ್ತಿದ್ದಾರೆ, ಕೊಡಲಾ? ಟಿವಿಯಲ್ಲಿ ನೋಡೋದು ಹೇಗೆ? ಆರು ವರ್ಷದ ಮಗನನ್ನು ಯಾವ ಆಟಕ್ಕೆ ಸೇರಿಸಲಿ? 'ಅಣ್ಣಾ' ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೀತೀನಿ, ಬೇಜಾರು ಮಾಡ್ಕೋಬೇಡ.

ಸುಲಭದ್ದು ಮೊದಲು ಮುಗಿಸಿಬಿಡ್ತೀನಿ. ಐವತ್ತು ಡಾಲರ್ ಕೊಡು. ಅದನ್ನು ಗಣಪತಿ ಚಂದಾ ಅಂದುಕೋ. ಕೊಡದವನನ್ನು ಯಾರೂ ಬೈಯೋದಿಲ್ಲ, ಆದರೆ ಪೆಂಡಾಲಿನಲ್ಲಿ ನಿಂತಾಗ ಅವನಿಗೇ ಒಂಥರಾ ಆಗುತ್ತೆ. ಸೋತರೂ ಪರವಾಗಿಲ್ಲ, ನಿನ್ನ ಟೀಮಿನವನ ಮಂಡಿನೋವಿನ ಸಮಾಚಾರ ಹಿಡ್ಕೊಂಡು ನಾಲ್ಕು ಜನ ನಿನ್ನ ಟೇಬಲ್ ಹತ್ತಿರ ಬರ್ತಾರೆ. ಫೋನಿನ ಬೆಟ್ಟಿಂಗ್ ಆ್ಯಪ್ ಮಾತ್ರ ಮುಟ್ಟಬೇಡ, ಅದರ ಮಾತು ಆಮೇಲೆ. ಟಿವಿಗೆ ಒಂದು ಸಣ್ಣ ಆಂಟೆನಾ ತಗೋ, ಭಾನುವಾರದ ಫುಟ್‌ಬಾಲ್ ಪುಕ್ಕಟೆ ಬರುತ್ತೆ. ಟಿಕೆಟ್ ದರದ ವಿಚಾರ ನನ್ನ ಹತ್ತಿರ ಎತ್ತಬೇಡ, ಹೊಟ್ಟೆ ಉರಿಯುತ್ತೆ.

ನಾನು ಬಂದಿಳಿದದ್ದು 1997ರ ಅಕ್ಟೋಬರ್ 21. ಅರಸೀಕೆರೆ ಹುಡುಗ, ಕಂಪ್ಯೂಟರುಗಳ 2000ನೇ ಇಸವಿ ತೊಂದರೆ ಸರಿಮಾಡೋಕೆ ಎಂಜಿನಿಯರುಗಳು ಬೇಕಾಗಿದ್ದ ವೈ2ಕೆ ಕಾಲದ ಫಸಲು. ಹಾಪ್‌ಕಿನ್ಸ್ ವಿಮಾನ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಎಲ್ಲಿ ನೋಡಿದರೂ 'ಇಂಡಿಯನ್ಸ್'! ಟೋಪಿ ಮೇಲೆ ಇಂಡಿಯನ್ಸ್, ಜಾಕೆಟ್ ಮೇಲೆ ಇಂಡಿಯನ್ಸ್, ಟ್ಯಾಕ್ಸಿಯ ಕಿಟಕಿಗೆ ಇಂಡಿಯನ್ಸ್ ಬಾವುಟ. ಕರ್ಕೊಂಡು ಹೋಗಲು ಬಂದಿದ್ದ ಮ್ಯಾನೇಜರ್ ನನ್ನ ಕೈ ಕುಲುಕಿ, ಇಂಡಿಯನ್ಸ್ ಬಗ್ಗೆ ಏನಂತೀಯ ಅಂದ. ನಾನು ಬಹಳ ವಿನಯದಿಂದ, ನಾವು ತುಂಬಾ ಜನ ಇದ್ದೀವಿ ಸಾರ್, ತೊಂಬತ್ತು ಕೋಟಿ ದಾಟಿದೆ ಅಂದೆ. ಆ ಮನುಷ್ಯ ಮೂರು ವರ್ಷ ಅದನ್ನು ಎಲ್ಲರಿಗೂ ಹೇಳ್ಕೊಂಡು ನಕ್ಕ.

ಅವತ್ತು ಊರಿಗೆ ಊರೇ ಹುಚ್ಚೆದ್ದಿತ್ತು. ಕ್ಲೀವ್‌ಲ್ಯಾಂಡ್ ಇಂಡಿಯನ್ಸ್ (ಈಗಿನ ಗಾರ್ಡಿಯನ್ಸ್) ಬೇಸ್‌ಬಾಲಿನ ಫೈನಲ್ ಆದ ಏಳು ಪಂದ್ಯಗಳ ವರ್ಲ್ಡ್ ಸೀರೀಸ್ ಆಡ್ತಿದ್ದರು, ಎದುರಿಗೆ ಫ್ಲೋರಿಡಾ ಮಾರ್ಲಿನ್ಸ್. ಮಾರನೇ ದಿನದ ಪಂದ್ಯದಲ್ಲಿ ಹಿಮ ಉದುರಿತು. ಅದು ನನ್ನ ಕಣ್ಣಿಗೆ ಬಿದ್ದ ಮೊದಲ ಹಿಮ, ಅದೂ ಟಿವಿಯಲ್ಲಿ; ಕಿಟಕಿ ಪರದೆ ಸರಿಸಿದರೆ ಹೊರಗೂ ಅದೇ. ಭಾನುವಾರ ರಾತ್ರಿ ಏಳನೇ ಪಂದ್ಯ. ಅಪಾರ್ಟ್‌ಮೆಂಟಿನಲ್ಲಿ ನಾವು ನಾಲ್ಕು ಜನ, ನೆಲದ ಮೇಲೆ ಚಾಪೆ, ಅನ್ನ, ಚಟ್ನಿಪುಡಿ. ಆಟದ ತಲೆಬುಡ ಗೊತ್ತಿಲ್ಲ. ಒಂಬತ್ತನೇ ಇನ್ನಿಂಗ್ಸಿನಲ್ಲಿ ನಮ್ಮವರು 2-1ರಲ್ಲಿ ಮುಂದಿದ್ದರು, ಎರಡು ಔಟ್ ತೆಗೆದಿದ್ದರೆ ಕಪ್. ಹೊಸೆ ಮೆಸಾ ಕೈಯಲ್ಲಿ ಚೆಂಡು. ಸಮ ಆಯ್ತು. ಹನ್ನೊಂದನೇ ಇನ್ನಿಂಗ್ಸಿನಲ್ಲಿ ಎಡ್ಗರ್ ರೆಂಟೆರಿಯಾ ಒಂದು ಹೊಡೆತ ಹೊಡೆದ, ಮುಗೀತು. ಮೇಲಿನ ಮನೆಯಿಂದ ಯಾರೋ ಏನೋ ಎತ್ತಿ ಎಸೆದ ಸದ್ದು.

ಸೋಮವಾರ ಆಫೀಸು ಸೂತಕದ ಮನೆ. ನಾನು ಹೊಸ ಟೈ ಕಟ್ಟಿಕೊಂಡು ಹೋಗಿ, ಯಾಕೆ ಎಲ್ಲರೂ ಹೀಗಿದ್ದೀರಿ, ಬರೀ ಆಟ ತಾನೇ ಅಂದೆ. ಸಮಾಧಾನ ಮಾಡೋಣ ಅಂತ ಅಂದದ್ದು. ಯಾರೂ ಉತ್ತರ ಕೊಡಲಿಲ್ಲ. ಅದಾಗಿ ಎಷ್ಟೋ ವಾರ ಮಧ್ಯಾಹ್ನದ ಊಟಕ್ಕೆ ನನ್ನನ್ನು ಯಾರೂ ಕರೀಲಿಲ್ಲ. ಕಾರಣ ಗೊತ್ತಾಗಿದ್ದು ತಡವಾಗಿ. ಗೊತ್ತಾದಾಗ ನನ್ನ ಮೇಲೇ ಸಿಟ್ಟು ಬಂತು, ಯಾಕೆಂದರೆ ಅದನ್ನು ಅರ್ಥ ಮಾಡ್ಕೊಳ್ಳೋಕೆ ನನಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಒಂದೂವರೆ ವರ್ಷದ ಹಿಂದೆ ಈಡನ್ ಗಾರ್ಡನ್ಸಿನಲ್ಲಿ ಶ್ರೀಲಂಕಾ ವಿರುದ್ಧದ ಸೆಮಿಫೈನಲ್, ಕಾಂಬ್ಳಿ ಅಳ್ತಾ ಒಳಗೆ ಹೋಗಿದ್ದು, ನಮ್ಮಪ್ಪ ಊಟ ಬಿಟ್ಟು ಮಲಗಿದ್ದು ಎಲ್ಲ ಕಂಡವನು ನಾನು. ಅವತ್ತು ಯಾರಾದರೂ 'ಬರೀ ಆಟ ತಾನೇ' ಅಂದಿದ್ದರೆ ಏನಾಗ್ತಿತ್ತು?

ಹಾಗಾಗಿ ಸೋಮವಾರದ ಮೊದಲ ಪಾಠ: ಆ ಮಾತು ಬಾಯಿಂದ ಬರಕೂಡದು.

ಎರಡನೇದು, ಈ ಊರಿನ ಗಾಯ ಎಲ್ಲಿದೆ ಅಂತ ತಿಳ್ಕೋ. ಬೆಂಗಳೂರಿನವರು ಹದಿನೆಂಟು ವರ್ಷ 'ಈ ಸಲ ಕಪ್ ನಮ್ದೇ' ಅಂದ್ರಲ್ಲ, ಇವರು ಅಜ್ಜಂದಿರ ಕಾಲದಿಂದ ಅದನ್ನೇ ಅಂತಿದ್ದಾರೆ. ಬೇಸ್‌ಬಾಲಿನಲ್ಲಿ ಕೊನೇ ಸಲ ಗೆದ್ದಿದ್ದು 1948ರಲ್ಲಿ, ನಮ್ಮ ಸ್ವಾತಂತ್ರ್ಯಕ್ಕೆ ಒಂದು ವರ್ಷ ತುಂಬಿತ್ತು ಅಷ್ಟೇ. ಬ್ರೌನ್ಸ್ ಕೊನೇ ಸಲ ಚಾಂಪಿಯನ್ ಆಗಿದ್ದು 1964ರಲ್ಲಿ. ಸೂಪರ್ ಬೌಲ್ ಅನ್ನೋ ಫುಟ್‌ಬಾಲಿನ ಫೈನಲ್ ಹುಟ್ಟಿದ ಮೇಲೆ ಅದರ ಹೊಸ್ತಿಲನ್ನೂ ತುಳಿದಿಲ್ಲ. 2016ರಲ್ಲಿ ಬ್ಯಾಸ್ಕೆಟ್‌ಬಾಲಿನಲ್ಲಿ ಕ್ಯಾವಲಿಯರ್ಸ್ ಗೆದ್ದಾಗ ರಸ್ತೆಗೆ ಇಳಿದ ಜನ ನೋಡಿ ನನಗೆ ಅಳು ಬಂತು. ಮೂರು ವಾರ ಮುಂಚೆ ಆರ್‌ಸಿಬಿ ಚಿನ್ನಸ್ವಾಮಿಯಲ್ಲೇ ಫೈನಲ್ ಸೋತಿತ್ತು, ಅದರದ್ದೂ ಸ್ವಲ್ಪ ಸೇರಿತ್ತೇನೋ. ಅದೇ ನವೆಂಬರಿನಲ್ಲಿ ಮತ್ತೆ ವರ್ಲ್ಡ್ ಸೀರೀಸ್, 3-1ರಲ್ಲಿ ಮುಂದಿದ್ದು, ಏಳನೇ ಪಂದ್ಯದಲ್ಲಿ ಹದಿನೇಳು ನಿಮಿಷ ಮಳೆ, ಹತ್ತನೇ ಇನ್ನಿಂಗ್ಸಿನಲ್ಲಿ ಶಿಕಾಗೊ ಕಬ್ಸ್ ಕೈಗೆ 8-7. ಮಾರನೇ ದಿನ ನಾನೇ ರಜೆ ಹಾಕಿದೆ.

ಬ್ರೌನ್ಸ್ ಕಥೆ ಇನ್ನೂ ಕೆಟ್ಟದ್ದು. ನಾನು ಬಂದಾಗ ಈ ಊರಿಗೆ ಫುಟ್‌ಬಾಲ್ ತಂಡವೇ ಇರಲಿಲ್ಲ. ಆರ್ಟ್ ಮೊಡೆಲ್ ಅನ್ನೋ ಮಾಲೀಕ 1995ರ ನವೆಂಬರಿನಲ್ಲಿ, ಸೀಸನ್ ನಡುವೆ, ತಂಡವನ್ನು ಬಾಲ್ಟಿಮೋರಿಗೆ ಸಾಗಿಸ್ತೀನಿ ಅಂತ ಘೋಷಿಸಿದ. ಡಿಸೆಂಬರಿನಲ್ಲಿ ಈ ಊರಲ್ಲಿ ನಡೆದ ಕೊನೇ ಪಂದ್ಯದಲ್ಲಿ ಜನ ಸ್ಟೇಡಿಯಮ್ಮಿನ ಬೆಂಚುಗಳನ್ನೇ ಕಿತ್ತು ಮೈದಾನಕ್ಕೆ ಎಸೆದರು. ಹೆಸರು, ಬಣ್ಣ, ಇತಿಹಾಸ ಇಲ್ಲೇ ಉಳೀತು, ಆಟಗಾರರು ಹೋದರು. ಮನೆ ಹೆಸರು ಬಿಟ್ಟು ಮನೆ ಮಂದಿಯನ್ನೆಲ್ಲ ಕರ್ಕೊಂಡು ಹೋದ ಹಾಗೆ. ಹೋದವರು ಅಲ್ಲಿ ರೇವನ್ಸ್ ಆಗಿ 2001ರ ಜನವರಿಯಲ್ಲಿ ಸೂಪರ್ ಬೌಲ್ ಗೆದ್ದೇಬಿಟ್ಟರು. ಇಲ್ಲಿ 1999ರಲ್ಲಿ ಹೊಸದಾಗಿ ಹುಟ್ಟಿದ ಬ್ರೌನ್ಸ್ ಮೊದಲ ಪಂದ್ಯದಲ್ಲೇ ಪಿಟ್ಸ್‌ಬರ್ಗ್ ಮುಂದೆ 43-0 ಸೋತರು. 2006ರಲ್ಲಿ ಅಮೆರಿಕದ ಕನ್ನಡ ಕೂಟಗಳ 'ಅಕ್ಕ' ಸಮ್ಮೇಳನ ಬಾಲ್ಟಿಮೋರಿನಲ್ಲಿ ನಡೆದಾಗ ನನ್ನ ಹೆಂಡತಿ ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿ ಕೂತಿದ್ದಳು, ನಾನು ಆ ಊರಿಗೆ ಕಾಲಿಡಲ್ಲ ಅಂತ ಹಟ ಮಾಡಿದೆ. ಕೊನೆಗೆ ಹೋದೆವು. ಬಿಸಿಬೇಳೆಬಾತ್ ಚೆನ್ನಾಗಿತ್ತು, ಆದರೆ ಅದನ್ನು ಅವತ್ತು ಒಪ್ಪಿಕೊಳ್ಳಲಿಲ್ಲ.

ಅದಕ್ಕೇ ಈಗಿನ ಸ್ಟೇಡಿಯಂ ಗಲಾಟೆ ಅಂದರೆ ಇವರಿಗೆ ಇಷ್ಟು ಬಿಸಿ. ಬ್ರೌನ್ಸ್ ಮಾಲೀಕರು ಸರೋವರದ ದಂಡೆಯ ಸ್ಟೇಡಿಯಂ ಬಿಟ್ಟು ವಿಮಾನ ನಿಲ್ದಾಣದ ಹತ್ತಿರ ಬ್ರೂಕ್ ಪಾರ್ಕಿನಲ್ಲಿ ಚಾವಣಿ ಇರೋದನ್ನು ಕಟ್ಟಲು ಹೊರಟಿದ್ದಾರೆ. 2025ರ ಬಜೆಟ್ಟಿನಲ್ಲಿ ಒಹಾಯೊ ರಾಜ್ಯ ಅದಕ್ಕೆ 60 ಕೋಟಿ ಡಾಲರ್ ತೆಗೆದಿಟ್ಟಿತು. ಎಲ್ಲಿಂದ ಗೊತ್ತಾ? ಜನ ಮರೆತುಬಿಟ್ಟ ಬ್ಯಾಂಕ್ ಖಾತೆ, ಯಾರೂ ಬಂದು ಕೇಳದ ಠೇವಣಿ, ಅಂಥ ವಾರಸುದಾರರಿಲ್ಲದ ದುಡ್ಡಿನಿಂದ! ನನ್ನ ಅಭಿಪ್ರಾಯ ಕೇಳಿದರೆ, ಕೋಟ್ಯಧಿಪತಿಗಳ ಮನೆಗೆ ಹೆಂಚು ಹೊದಿಸಲು ಊರವರ ದುಡ್ಡು ಯಾಕೆ ಬೇಕು? ಆದರೆ ಪಕ್ಕದ ಮನೆಯ ಮುದುಕನಿಗೆ ಹೀಗೆ ಹೇಳಿದರೆ, ಕೊಡದಿದ್ದರೆ ಮತ್ತೆ ಓಡಿ ಹೋಗ್ತಾರಪ್ಪ ಅಂತಾನೆ. 1995 ನೋಡಿದ ಮನುಷ್ಯ ಅವನು. ವಾದ ಬೇಡ, ಸುಮ್ಮನೆ ಹೂಂ ಅನ್ನು.

ಇನ್ನು ಸೋಮವಾರ ಧೈರ್ಯವಾಗಿ ಆಡಬಹುದಾದ ಮಾತು ಒಂದೇ. ಡಿಫೆನ್ಸ್ ಚೆನ್ನಾಗಿದೆ, ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋನು) ಸರಿ ಇಲ್ಲ. ಇದು ನಾನು ಕಂಡಂತೆ ಹೆಚ್ಚುಕಮ್ಮಿ ಎಲ್ಲಾ ಕಾಲಕ್ಕೂ ನಿಜ. 1999ರಿಂದ ಈಚೆಗೆ ಬ್ರೌನ್ಸ್ ಕ್ವಾರ್ಟರ್‌ಬ್ಯಾಕ್ ಆಗಿ ಪಂದ್ಯ ಶುರು ಮಾಡಿದವರ ಲೆಕ್ಕ ನಲವತ್ತು ದಾಟಿದೆ. 2022ರಲ್ಲಿ ಡಿಶಾನ್ ವಾಟ್ಸನ್ ಅನ್ನೋ ಕ್ವಾರ್ಟರ್‌ಬ್ಯಾಕಿಗಾಗಿ, ಹೊಸ ಹುಡುಗರನ್ನು ಮೊದಲ ಸುತ್ತಿನಲ್ಲೇ ಆರಿಸಿಕೊಳ್ಳೋ ಹಕ್ಕನ್ನು ಮೂರು ವರ್ಷದ್ದು ಬಿಟ್ಟುಕೊಟ್ಟು, 23 ಕೋಟಿ ಡಾಲರ್ ಪೂರಾ ಖಾತರಿ ಅಂತ ಬರೆದುಕೊಟ್ಟರು. ಇಪ್ಪತ್ತಕ್ಕೂ ಹೆಚ್ಚು ಹೆಂಗಸರು ಅವನ ಮೇಲೆ ಲೈಂಗಿಕ ದುರ್ವರ್ತನೆಯ ದಾವೆ ಹಾಕಿದ್ದ ಕಾಲ ಅದು. ಕ್ರಿಮಿನಲ್ ಕೇಸು ಆಗಲಿಲ್ಲ, ಎನ್‌ಎಫ್‌ಎಲ್ ಅನ್ನೋ ಫುಟ್‌ಬಾಲ್ ಲೀಗು ಮಾತ್ರ 11 ಪಂದ್ಯ ಹೊರಗಿಟ್ಟಿತು. ನನ್ನ ಹೆಂಡತಿ ಅವತ್ತಿನಿಂದ ಬ್ರೌನ್ಸ್ ನೋಡೋದು ಬಿಟ್ಟಳು. ನಾನು ಬಿಡಲಿಲ್ಲ. ಅದಕ್ಕೆ ಅವಳು ಈಗಲೂ ಒಂದೊಂದು ಸಲ ನನ್ನ ಮುಖ ನೋಡ್ತಾಳೆ.

ಆಟ ಅರ್ಥ ಮಾಡ್ಕೊಳ್ಳೋದು ಕಷ್ಟವಲ್ಲ. ಫುಟ್‌ಬಾಲನ್ನು ಕಬಡ್ಡಿ ಅಂತ ನೋಡು. ನಾಲ್ಕು ರೈಡಿನಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಇನ್ನೂ ನಾಲ್ಕು ರೈಡ್, ಆಗದಿದ್ದರೆ ಚೆಂಡು ಎದುರಾಳಿಗೆ. ಉಳಿದದ್ದೆಲ್ಲ ಕೋಚುಗಳ ಲೆಕ್ಕಾಚಾರ. ಮೂರು ಗಂಟೆ ಕೂತರೆ ಚೆಂಡು ನಿಜವಾಗಿ ಓಡಾಡೋದು ಹತ್ತು ಹನ್ನೊಂದು ನಿಮಿಷ, ಮಿಕ್ಕದ್ದು ಟ್ರಕ್ ಮತ್ತು ಬಿಯರ್ ಜಾಹೀರಾತು. ನಮ್ಮ ಟೆಸ್ಟ್ ಮ್ಯಾಚು ಬೋರು ಅಂತ ಇವರು ಹೇಳೋದನ್ನು ಕೇಳಬೇಕು!

ಬೇಸ್‌ಬಾಲು ನಮಗೆ ಬೇಗ ಹತ್ತುತ್ತೆ, ನನಗೆ ಜಾಸ್ತಿ ಇಷ್ಟವಾದದ್ದೂ ಅದೇ. ಮೊದಲು ಒಗ್ಗದೇ ಇರೋದು ಒಂದೇ, ಚೆಂಡು ನೆಲಕ್ಕೆ ಬೀಳೋದಿಲ್ಲ, ಎಲ್ಲವೂ ಫುಲ್ ಟಾಸ್. ಆಮೇಲೆ ನೋಡಿದರೆ ಆ ಗಾಳಿಯಲ್ಲೇ ಚಂದ್ರಶೇಖರ್ ಅವರ ಗೂಗ್ಲಿಯಷ್ಟು ಮೋಸ ತುಂಬಿದೆ. ವಿಕೆಟ್ ಹಿಂದೆ ಹೊಡೆದರೆ ರನ್ ಇಲ್ಲ, ಫೌಲ್ ಅಂತಾರೆ. ಹಾಗಾಗಿ ಇಲ್ಲಿ ವಿಶ್ವನಾಥ್ ಅವರ ಲೇಟ್ ಕಟ್ಟಿಗೆ ಬೆಲೆಯಿಲ್ಲ. ಹತ್ತರಲ್ಲಿ ಮೂರು ಸಲ ಹಿಟ್ ಹೊಡೆದವನು ದೊಡ್ಡ ಬ್ಯಾಟರ್. ಅಂದರೆ ಏಳು ಸಲ ತಲೆ ತಗ್ಗಿಸಿ ಬರೋನು. ವರ್ಷಕ್ಕೆ 162 ಪಂದ್ಯ, ಹೆಚ್ಚುಕಮ್ಮಿ ದಿನಾ ಒಂದು. ಟಿವಿ ಬೇಡ, ಕಾರಿನಲ್ಲಿ ರೇಡಿಯೊ ಹಾಕು, ಎಎಂ 1100. ಟಾಮ್ ಹ್ಯಾಮಿಲ್ಟನ್ 1990ರಿಂದ ವೀಕ್ಷಕ ವಿವರಣೆ ಕೊಡ್ತಿದ್ದಾನೆ. ಜುಲೈ ಸಂಜೆ ಕಿಟಕಿ ಇಳಿಸಿ ಅವನ ದನಿ ಕೇಳ್ತಾ ಮನೆಗೆ ಬಂದರೆ, ಅರಸೀಕೆರೆಯ ಸಂತೆಬೀದಿಯಲ್ಲಿ ಅಂಗಡಿಯಿಂದ ಅಂಗಡಿಗೆ ಕಾಮೆಂಟರಿ ಕೇಳಿಸ್ಕೊಳ್ತಾ ನಡೆದ ಹಾಗಾಗುತ್ತೆ. ಇಂಗ್ಲಿಷು ಬೇರೆ, ರಾಗ ಅದೇ.

ಹೆಸರಿನ ವಿಷಯ ಒಂದಿದೆ, ಯಾರಾದರೂ ನಿನ್ನನ್ನೂ ಕೇಳ್ತಾರೆ. 2022ರಿಂದ ತಂಡ ಗಾರ್ಡಿಯನ್ಸ್ ಆಯ್ತು. ಸ್ಟೇಡಿಯಂ ಪಕ್ಕದ ಹೋಪ್ ಮೆಮೋರಿಯಲ್ ಸೇತುವೆಯ ಮೇಲೆ ಕಲ್ಲಿನ ಕಾವಲುಗಾರರಿದ್ದಾರೆ, ಅವರ ಹೆಸರು. ಹೋಗಿ ನೋಡು. ಬೇಲೂರಿನ ದ್ವಾರಪಾಲಕರು ಗದೆ ಕೆಳಗಿಟ್ಟು ಕುದುರೆಗಾಡಿ, ಲಾರಿ ಎತ್ತಿಕೊಂಡು ನಿಂತ ಹಾಗಿದ್ದಾರೆ. ಹೆಸರು ಬದಲಾಯಿಸುವಾಗ ಆಫೀಸಿನಲ್ಲಿ ಎಲ್ಲರೂ, ನೀನು ಇಂಡಿಯನ್ ಅಲ್ವಾ, ನಿನಗೆ ಬೇಜಾರಿತ್ತಾ ಅಂತ ನನ್ನನ್ನೇ ಕೇಳೋರು. ಅದು ನಾನು ಉತ್ತರ ಹೇಳುವ ಪ್ರಶ್ನೆಯಲ್ಲ, ಈ ನೆಲದ ಮೂಲ ಜನ ಹೇಳಬೇಕಾದದ್ದು. ತಂಡದ ಹಳೇ ಲಾಂಛನ, ಆ ಕೆಂಪು ಮುಖದ ಹಲ್ಕಿರಿಯುವ ಚಿತ್ರ, ಹೋಗಿದ್ದು ಒಳ್ಳೇದೇ ಆಯ್ತು. 97ರ ಟೋಪಿ ಮಾತ್ರ ಬೀರುವಿನಲ್ಲಿದೆ, ಹಾಕೋದಿಲ್ಲ, ಎಸೆಯೋಕೂ ಕೈ ಬರೋದಿಲ್ಲ.

ಗಾರ್ಡಿಯನ್ಸ್ ಬಡವರ ತಂಡ. ಫುಟ್‌ಬಾಲಿನಲ್ಲಿ ಎಲ್ಲಾ ತಂಡಕ್ಕೂ ಸಂಬಳದ ಮಿತಿ ಒಂದೇ, ಬೇಸ್‌ಬಾಲಿನಲ್ಲಿ ಅಂಥದ್ದಿಲ್ಲ. ನ್ಯೂಯಾರ್ಕ್ ಮೆಟ್ಸ್ ಹುವಾನ್ ಸೋಟೊ ಒಬ್ಬನಿಗೇ 15 ವರ್ಷಕ್ಕೆ 76.5 ಕೋಟಿ ಡಾಲರ್ ಬರೆದುಕೊಟ್ಟರು. ನಮ್ಮ ಹೊಸೆ ರಮಿರೆಜ್ 2022ರಲ್ಲಿ ಬೇರೆ ಕಡೆ ಹೆಚ್ಚು ಸಿಗ್ತಿದ್ದರೂ 7 ವರ್ಷಕ್ಕೆ 14.1 ಕೋಟಿಗೆ ಒಪ್ಪಿ ಇಲ್ಲೇ ನಿಂತ. ಅವನನ್ನು ಯಾರಾದರೂ ಬೈದರೆ ಅವತ್ತು ನಾನು ಊಟ ಬಿಡ್ತೀನಿ. 2025ರಲ್ಲಿ ಡೆಟ್ರಾಯಿಟ್‌ಗಿಂತ ಹದಿನೈದೂವರೆ ಪಂದ್ಯ ಹಿಂದಿದ್ದವರು ಕೊನೆಗೆ ಡಿವಿಷನ್ ಗೆದ್ದರು, ಯಾವ ತಂಡವೂ ಅಷ್ಟು ಹಿಂದಿನಿಂದ ಬಂದು ಗೆದ್ದಿರಲಿಲ್ಲ. ಸಚಿನ್ ಔಟಾದ ಮೇಲೆ ಟಿವಿ ಆರಿಸಿದವರಿಗೆ ಆಗಿದ್ದೇ ಅರ್ಧ ಊರಿಗೂ ಆಯ್ತು. 1996ರ ಅಕ್ಟೋಬರ್ 21ರಂದು ನಾನು ಚಿನ್ನಸ್ವಾಮಿಯಲ್ಲಿ ಕೂತಿದ್ದೆ ಕಣೋ, ಇಲ್ಲಿಗೆ ಬಂದಿಳಿಯೋಕೆ ಸರಿಯಾಗಿ ಒಂದು ವರ್ಷ ಮುಂಚೆ. ಆಸ್ಟ್ರೇಲಿಯಾ ಎದುರು ಎಂಟು ವಿಕೆಟ್ ಬಿದ್ದು, ಜನ ಎದ್ದು ಹೋಗ್ತಾ ಇದ್ದರು, ಕುಂಬ್ಳೆ-ಶ್ರೀನಾಥ್ ನಿಂತು ಗೆಲ್ಲಿಸಿದರು. ಅವತ್ತಿನಿಂದ ನಾನು ಯಾವ ಆಟವನ್ನೂ ಮಧ್ಯದಲ್ಲಿ ಬಿಟ್ಟು ಎದ್ದಿಲ್ಲ.

ಬೆಟ್ಟಿಂಗ್ ಬೇಡ ಅಂದೆನಲ್ಲ. ಒಹಾಯೊದಲ್ಲಿ 2023ರ ಜನವರಿ 1ರಿಂದ ಅದು ಕಾನೂನುಬದ್ಧ. ಪ್ರತಿ ಎಸೆತದ ಮೇಲೂ ದುಡ್ಡು ಕಟ್ಟಬಹುದು, ಅಲ್ಲೇ ಹುಳ ಹೊಕ್ಕಿದ್ದು. 2025ರ ನವೆಂಬರಿನಲ್ಲಿ ಗಾರ್ಡಿಯನ್ಸಿನ ನಮ್ಮವರೇ ಆದ ಎಮ್ಯಾನುಯೆಲ್ ಕ್ಲಾಸೆ, ಲೂಯಿಸ್ ಒರ್ಟಿಜ್ ಮೇಲೆ, ಜೂಜುಕೋರರಿಗೆ ಮೊದಲೇ ತಿಳಿಸಿ ಬೇಕೆಂತಲೇ ಕೆಟ್ಟದಾಗಿ ಎಸೆದರು ಅಂತ ಆರೋಪಪಟ್ಟಿ ಬಂತು. ಇಬ್ಬರೂ ತಾವು ತಪ್ಪು ಮಾಡಿಲ್ಲ ಅಂದರು. 2000ದಲ್ಲಿ ಹ್ಯಾನ್ಸಿ ಕ್ರೋನಿಯೆ ಬಾಯಿಬಿಟ್ಟಾಗ ಹಳೇ ಮ್ಯಾಚುಗಳನ್ನೆಲ್ಲ ನೆನೆಸ್ಕೊಂಡು ಯಾವುದು ನಿಜ ಯಾವುದು ಸುಳ್ಳು ಅಂತ ಕೂತಿದ್ದೆವಲ್ಲ, ಅದೇ ಸಂಕಟ ಮತ್ತೆ. ಅಷ್ಟು ಸಾಕು.

ಈಗ ನಿನ್ನ ಮಗನ ವಿಷಯ. ಇದನ್ನು ಎರಡು ಸಾಲಿನಲ್ಲಿ ಮುಗಿಸೋಣ ಅಂದುಕೊಂಡಿದ್ದೆ.

ಫುಟ್‌ಬಾಲ್, ಅಂದರೆ ಹೆಲ್ಮೆಟ್ ಹಾಕಿ ಗುದ್ದಾಡೋ ಫುಟ್‌ಬಾಲ್, ಬೇಡ. ಇದರಲ್ಲಿ ನನ್ನ ಮನಸ್ಸು ಇವತ್ತಿಗೂ ಬದಲಾಗಿಲ್ಲ. ಪಿಟ್ಸ್‌ಬರ್ಗಿನ ಮೈಕ್ ವೆಬ್‌ಸ್ಟರ್ ಅನ್ನೋ ದೊಡ್ಡ ಆಟಗಾರ ಐವತ್ತಕ್ಕೇ ಸತ್ತಾಗ ಬೆನೆಟ್ ಒಮಾಲು ಅನ್ನೋ ನೈಜೀರಿಯಾ ಮೂಲದ ವೈದ್ಯ ಅವನ ಮಿದುಳು ಪರೀಕ್ಷೆ ಮಾಡಿ, ಪೆಟ್ಟು ತಿಂದೂ ತಿಂದೂ ಅದು ಕೆಟ್ಟಿರೋದನ್ನು ಕಂಡುಹಿಡಿದ. ಸಿಟಿಇ ಅಂತಾರೆ. ಲೀಗು ವರ್ಷಗಟ್ಟಲೆ ಒಪ್ಪಲಿಲ್ಲ. ಅದನ್ನು ಹೇಳೋಕೆ ಒಬ್ಬ ಹೊರಗಿನವನೇ ಬರಬೇಕಾಯ್ತು ನೋಡು.

2014ರಲ್ಲಿ ನಮ್ಮ ಹುಡುಗ ಒಂಬತ್ತನೇ ಕ್ಲಾಸು. ಶಾಲೆಯ ಫುಟ್‌ಬಾಲ್ ತಂಡಕ್ಕೆ ಸೇರ್ತೀನಿ ಅಂತ ಫಾರಂ ತಂದ, ಪೋಷಕರ ಸಹಿ ಬೇಕು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಬೇಡ ಅಂದೆ. ಯಾಕೆ ಅಂದ. ಬೇಡ ಅಂದರೆ ಬೇಡ. ನಮ್ಮಪ್ಪ ನನಗೆ ಹೇಳ್ತಿದ್ದ ಹಾಗೇ. ನಿನಗೆ ಗೊತ್ತಲ್ಲ, ನಮ್ಮ ಮನೆಗಳಲ್ಲಿ 'ಬೇಡ' ಅಂದ ಮೇಲೆ ಅದಕ್ಕೆ ಕಾರಣ ಕೇಳೋ ರೂಢಿ ಇರಲಿಲ್ಲ. ಇವನು ಹುಟ್ಟಿದ್ದು ಇಲ್ಲಿ. ಎರಡು ವಾರ ಮಾತು ಬಿಟ್ಟ, ಆಮೇಲೆ ಅವನೇ ದಾರಿ ಹುಡುಕಿಕೊಂಡ. ತಂಡದ ಮ್ಯಾನೇಜರ್ ಆದ. ಮ್ಯಾನೇಜರ್ ಅಂದರೆ ನಿನ್ನ ಮ್ಯಾನೇಜರ್ ಅಲ್ಲ. ನೀರಿನ ಬಾಟಲಿ ತುಂಬಿಡೋದು, ಚೆಂಡು ಒರೆಸೋದು, ಟವೆಲ್ ಕೊಡೋದು. ಅದಕ್ಕೂ ಸಹಿ ಬೇಕಿತ್ತು, ಅವರಮ್ಮ ಹಾಕಿದಳು.

ನನಗೆ ಅವಮಾನ ಆಯ್ತು. ಎಂಜಿನಿಯರ್ ಮಗ, ಅಮೆರಿಕದಲ್ಲಿ ಬೇರೆಯವರ ಮಕ್ಕಳಿಗೆ ನೀರು ಹೊರೋದಾ? ಹಬ್ಬಕ್ಕೆ ಗೆಳೆಯರು ಸೇರಿದಾಗ ಅವನ ಮುಂದೆಯೇ, ಇವನು ನಮ್ಮ ಶಾಲೆಯ ನೀರಗಂಟಿ ಅಂತ ನಗಾಡಿದೆ. ಎಲ್ಲರೂ ನಕ್ಕರು. ಅವನಿಗೆ ಆ ಪದ ಗೊತ್ತಿರಲಿಲ್ಲ. ರಾತ್ರಿ ಅಮ್ಮನನ್ನು ಕೇಳಿ ತಿಳ್ಕೊಂಡ. ನಾಲ್ಕು ವರ್ಷ, ಒಂದು ಶುಕ್ರವಾರವೂ ನಾನು ಅವನ ಪಂದ್ಯಕ್ಕೆ ಹೋಗಲಿಲ್ಲ.

2017ರ ಜುಲೈನಲ್ಲಿ ಬಾಸ್ಟನ್ನಿನ ಅಧ್ಯಯನ ಬಂತು. ದಾನ ಬಂದಿದ್ದ 111 ಎನ್‌ಎಫ್‌ಎಲ್ ಆಟಗಾರರ ಮಿದುಳಿನಲ್ಲಿ 110ರಲ್ಲಿ ಆ ಕಾಯಿಲೆ. ನಾನು ಸುದ್ದಿಯನ್ನು ಪ್ರಿಂಟ್ ತೆಗೆದು ಅವನ ಊಟದ ತಟ್ಟೆ ಪಕ್ಕ ಇಟ್ಟೆ. ಅವನು ಪೂರ್ತಿ ಓದಿದ. ಓದಿ, ಅಪ್ಪಾ, ಇವು ಮೊದಲೇ ಅನುಮಾನ ಬಂದು ಮನೆಯವರು ಕೊಟ್ಟ ಮಿದುಳುಗಳು, ಎಲ್ಲಾ ಆಟಗಾರರ ಲೆಕ್ಕ ಇದರಿಂದ ಸಿಗಲ್ಲ ಅಂದ. ಸರಿಯಾದ ಮಾತು. ಒಳಗೊಳಗೇ ಹೆಮ್ಮೆ ಆಯ್ತು. ಹೇಳಲಿಲ್ಲ.

ಆ ಅಕ್ಟೋಬರಿನಲ್ಲಿ ಫ್ರಿಜ್ಜಿನ ಮೇಲೆ ಒಂದು ಕಾಗದ ಅಂಟಿಸಿದ್ದರು: ಶುಕ್ರವಾರ 20, ಸೀನಿಯರ್ ನೈಟ್. ನಾನು ಅದನ್ನು ಇನ್ನೊಂದು ಮ್ಯಾಚು ಅಂದುಕೊಂಡೆ. ಕೆಲಸದಲ್ಲಿ ಅವತ್ತು ರಾತ್ರಿ ಸಾಫ್ಟ್‌ವೇರ್ ರಿಲೀಸ್ ಇತ್ತು. ಬೇರೆಯವರಿಗೆ ವಹಿಸಬಹುದಿತ್ತು, ವಹಿಸಲಿಲ್ಲ. ಸೀನಿಯರ್ ನೈಟ್ ಅಂದರೇನು ಅಂತ ನಿನಗೆ ಯಾರೂ ಹೇಳದೇ ಇರಬಹುದು, ಅದಕ್ಕೇ ಬಿಡಿಸಿ ಹೇಳ್ತೀನಿ. ಹನ್ನೆರಡನೇ ಕ್ಲಾಸಿನವರಿಗೆ ಊರಿನ ಮೈದಾನದಲ್ಲಿ ಕೊನೇ ಪಂದ್ಯ. ಆಟಕ್ಕೆ ಮುಂಚೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೀತಾರೆ, ಆಟಗಾರರು, ಬ್ಯಾಂಡಿನವರು, ಮ್ಯಾನೇಜರು ಎಲ್ಲರನ್ನೂ. ಮಗ ನಡುವೆ, ಆ ಕಡೆ ಅಪ್ಪ, ಈ ಕಡೆ ಅಮ್ಮ, ಕೈ ಕೈ ಹಿಡ್ಕೊಂಡು ಮೈದಾನದ ನಡುವೆ ನಡೀಬೇಕು. ಮಗ ಅಮ್ಮನಿಗೆ ಒಂದು ಹೂವು ಕೊಡ್ತಾನೆ. ಮೈಕಿನಲ್ಲಿ ಅಪ್ಪ ಅಮ್ಮ ಇಬ್ಬರ ಹೆಸರೂ ಓದ್ತಾರೆ. ನನ್ನ ಹೆಸರು ಅವತ್ತು ಓದಿದರಂತೆ.

ಇವಳು ಹೋಗುವಾಗ, ಬಾರ್ರೀ ಅಂತ ಒಂದೇ ಸಲ ಕರೆದಳು. ಅದು ಏನು ಅಂತ ಅವಳಿಗೂ ಗೊತ್ತಿರಲಿಲ್ಲ. ಇವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಎರಡು ದಿನ ಬಿಟ್ಟು ಭಾನುವಾರ ನಾನು ಬ್ರೌನ್ಸ್ ನೋಡೋಕೆ ಸ್ಟೇಡಿಯಮ್ಮಿಗೆ ಹೋದೆ. ನೋಡು, ಅದಕ್ಕೆ ಬಿಡುವಿತ್ತು! ಟೆನೆಸಿ ಟೈಟನ್ಸ್ ಎದುರು ಚೆಂಡನ್ನು ಎದುರಾಳಿಯ ಗೆರೆ ದಾಟಿಸೋ ಟಚ್‌ಡೌನ್ ಒಂದೂ ಇಲ್ಲದೆ ಹೆಚ್ಚುವರಿ ಸಮಯದಲ್ಲಿ 12-9 ಸೋತ ಪಂದ್ಯ. ಆ ದಿನ ಬ್ರೌನ್ಸಿನ ಜೋ ಥಾಮಸ್ ತೋಳು ಹಿಡಿದುಕೊಂಡು ಮೈದಾನದಿಂದ ಆಚೆ ನಡೆದ. 2007ರಿಂದ ಆಡಿದ ಎಲ್ಲಾ ಕೆಟ್ಟ ತಂಡಗಳಲ್ಲೂ ಅವನು ಒಂದೇ ಒಂದು ಆಟಕ್ಕೂ ಹೊರಗೆ ಕೂತವನಲ್ಲ, ಸತತ 10,363 ಸಲ ಲೈನಿನಲ್ಲಿ ಬಂದು ನಿಂತವನು. ಅವನನ್ನು ತಂಡಕ್ಕೆ ಆರಿಸಿದ ದಿನ ನ್ಯೂಯಾರ್ಕಿನ ಸಮಾರಂಭಕ್ಕೆ ಹೋಗದೆ ಅಪ್ಪನ ಜೊತೆ ಮಿಷಿಗನ್ ಸರೋವರದಲ್ಲಿ ಮೀನು ಹಿಡೀತಿದ್ದನಂತೆ. ಸ್ಟೇಡಿಯಂ ಪೂರ್ತಿ ಎದ್ದು ನಿಂತು ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಮನೆಗೆ ಬಂದು ಮಗನಿಗೆ ಅದನ್ನೆಲ್ಲ ವಿವರಿಸಿದೆ ಬೇರೆ. ಅವನು ಸುಮ್ಮನೆ ಕೇಳಿದ. ಶುಕ್ರವಾರದ ಫೋಟೋ ನನಗೆ ಸಿಕ್ಕಿದ್ದು ಅವತ್ತು ರಾತ್ರಿ, ಇವಳ ಫೋನಿನಲ್ಲಿ. ಇವಳ ಕೈಯಲ್ಲಿ ಬಿಳೀ ಹೂವು, ಪಕ್ಕದಲ್ಲಿ ಇವನು. ಅವನ ಇನ್ನೊಂದು ಕಡೆ ಕೋಚ್ ನಿಂತಿದ್ದ.

ಆ ವರ್ಷ ಬ್ರೌನ್ಸ್ ಹದಿನಾರಕ್ಕೆ ಹದಿನಾರೂ ಸೋತರು. 2018ರ ಜನವರಿ 6ರಂದು ಅಭಿಮಾನಿಗಳು ಗೇಲಿಗೆ ಮೆರವಣಿಗೆ ತೆಗೆದರು, ಸ್ಟೇಡಿಯಂ ಸುತ್ತ ಸೊನ್ನೆ ಆಕಾರದಲ್ಲಿ. ಮೂಗು ಉದುರಿ ಹೋಗೋ ಚಳಿ. ಮಗ ಗೆಳೆಯರ ಜೊತೆ ಹೊರಟಿದ್ದ. ನಾನೂ ಬರ್ತೀನಿ ಅಂತ ಸ್ವೆಟರ್ ಹಾಕ್ಕೊಂಡೆ. ಅರ್ಧ ಸುತ್ತು ಬಂದ ಮೇಲೆ ಅವನು, ಇಂಗ್ಲಿಷಿನಲ್ಲಿ, ಸೋತವರ ಮೆರವಣಿಗೆಗಾದರೂ ಬಂದೆಯಲ್ಲ ಅಂದ. ನಕ್ಕೇ ಅಂದ. ಅದನ್ನು ಹೇಗೆ ತಗೋಬೇಕು ಅಂತ ನಾನು ಇನ್ನೂ ಯೋಚನೆ ಮಾಡ್ತಿದ್ದೀನಿ.

ಈಗ ಕೊಲಂಬಸ್‌ನಲ್ಲಿದ್ದಾನೆ. ಭಾನುವಾರ ಆಟದ ನಡುವೆ ಫೋನ್ ಮಾಡ್ತಾನೆ, ನಮ್ಮ ಮಾತೆಲ್ಲ ಬ್ರೌನ್ಸ್ ಬಗ್ಗೆಯೇ. 2023ರ ಜನವರಿಯಲ್ಲಿ ಸಿನ್ಸಿನಾಟಿಯಲ್ಲಿ ಡಾಮರ್ ಹ್ಯಾಮ್ಲಿನ್ ಅನ್ನೋ ಆಟಗಾರ ಎದೆಗೆ ಪೆಟ್ಟು ಬಿದ್ದು ಮೈದಾನದಲ್ಲೇ ಹೃದಯ ನಿಂತು ಕುಸಿದಾಗಲೂ ಫೋನ್ ಬಂತು. ಇಬ್ಬರೂ ತುಂಬಾ ಹೊತ್ತು ಮಾತಾಡಲಿಲ್ಲ, ಇಡಲೂ ಇಲ್ಲ. ಹುಡುಗ ಬದುಕಿದ, ಮತ್ತೆ ಆಡಿದ. ಊರವರ ಮಕ್ಕಳು ಗುದ್ದಾಡೋದನ್ನು ಚಿಪ್ಸ್ ತಿಂತಾ ನೋಡೋನು ತನ್ನ ಮಗನಿಗೆ ಮಾತ್ರ ಬೇಡ ಅಂದ, ಅಂತ ನೀನು ಕೇಳಬಹುದು. ಹೌದು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನಿನ್ನ ಮಗನನ್ನು ಬೇಸ್‌ಬಾಲಿಗೆ ಹಾಕು. ಆರು ವರ್ಷದವರಿಗೆ ಟೀ-ಬಾಲ್ ಅಂತ ಇದೆ, ಕೋಲಿನ ಮೇಲೆ ಚೆಂಡು ಇಟ್ಟು ಹೊಡೆಯೋದು, ನಮ್ಮ ಚಿನ್ನಿದಾಂಡಿಗಿಂತ ಸುಲಭ. ಸೊಂಟದ ಪಟ್ಟಿ ಕಿತ್ತುಕೊಳ್ಳೋ ಫ್ಲ್ಯಾಗ್ ಫುಟ್‌ಬಾಲ್ ಕೇಳಿದರೆ ಅದಕ್ಕೂ ಹಾಕು, ಅದರಲ್ಲಿ ಗುದ್ದಾಟ ಇಲ್ಲ. ಕ್ರಿಕೆಟ್ ಬಿಡಬೇಕಾ ಅಂದೆಯಲ್ಲ, ಯಾಕೆ ಬಿಡ್ತೀಯ? 2024ರ ಟಿ20 ವಿಶ್ವಕಪ್ಪಿನಲ್ಲಿ ಅಮೆರಿಕ ಪಾಕಿಸ್ತಾನವನ್ನು ಸೋಲಿಸಿದ ದಿನ ಮೂರು ವಿಕೆಟ್ ತೆಗೆದವನು ನಮ್ಮ ಚಿಕ್ಕಮಗಳೂರು ಕಡೆಯ ಕೆಂಜಿಗೆ ಹುಡುಗ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಕ್ರಿಕೆಟ್, ಬೇಸ್‌ಬಾಲ್, ಫ್ಲ್ಯಾಗ್ ಫುಟ್‌ಬಾಲ್ ಮೂರೂ ಇವೆ, ಜಗಳ ಬೇಡ. ಶಾಲೆಯಿಂದ ಕಾಗದ ಬಂದರೆ ಓದು. ಅರ್ಥ ಆಗದಿದ್ದರೆ ಮಗನನ್ನೇ ಕೇಳು.

ಏಪ್ರಿಲಿನಲ್ಲಿ, ಈಸ್ಟರ್ ಹೊತ್ತಿಗೆ, ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ತ್ಯಾಗರಾಜ ಆರಾಧನೆ ನಡೆಯುತ್ತೆ, ನಾವಿಬ್ಬರೂ ಬಂದಿರ್ತೀವಿ. ಬೇಸ್‌ಬಾಲ್ ಮೈದಾನ ಅಲ್ಲಿಂದ ಹತ್ತಿರವೇ. ಒಂದು ಸಂಜೆ ಪಂದ್ಯ ಇದ್ದರೆ ಹುಡುಗನನ್ನೂ ಕರ್ಕೊಂಡು ಬಾ, ದಪ್ಪ ಜಾಕೆಟ್ ಮರೀಬೇಡ, ಹಿಮ ಬಂದರೂ ಬರಬಹುದು. ಅವನಿಗೆ ಹೊಸ ಗ್ಲೌಸ್ ಕೊಳ್ಳೋಕೆ ಹೋಗಬೇಡ. ನಮ್ಮ ಗ್ಯಾರೇಜಿನಲ್ಲಿ ಒಂದು ಚಿಕ್ಕದಿದೆ, ಟೀ-ಬಾಲ್ ಕಾಲದ್ದು, ಎಣ್ಣೆ ಹಚ್ಚಿ ಇಟ್ಟಿದ್ದೀನಿ. ನಮ್ಮವನು ಎಡಚ, ಅದು ಬಲಗೈಗೆ ಹಾಕೋ ಗ್ಲೌಸು. ನಿಮ್ಮ ಹುಡುಗ ಯಾವ ಕೈಯಲ್ಲಿ ಎಸೀತಾನೆ ಅಂತ ನೋಡಿ ತಿಳಿಸು.